ತಾಯಿಯ ಉದ್ಯೋಗ

ನಿನ್ನ ಪಿಎಚ್‌ಡಿ ವಿಷಯ ಏನಮ್ಮ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ಆದಷ್ಟು ಚುಟುಕಾಗಿ ಹೇಳಿ ತಪ್ಪಿಸಿಕೊಳ್ಳುತ್ತೇನೆ. "ಅಮೆರಿಕದ ಕಪ್ಪು ಹೆಂಗಸರು ಬರೆದ ಆತ್ಮಕಥೆಗಳು" ಎಂದರೆ ಸಮೇತನಹಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತವರು ಒಂದು ಕ್ಷಣ ಯೋಚಿಸಿ, "ಓ, ಕಮಲಾ ಹ್ಯಾರಿಸ್ ತರಾನಾ?" ಎನ್ನುತ್ತಾರೆ. ಹೂಂ ಎಂದುಬಿಡುತ್ತೇನೆ. ಮುಂದಿನ ಪ್ರಶ್ನೆ ಮಾತ್ರ ಪ್ರತಿ ಸಲವೂ ಒಂದೇ: "ಅದನ್ನ ಓದಿದ್ರೆ ಕೆಲಸ ಸಿಗ್ತದಾ?"

ನನ್ನ ದಿನ ಕಾಡುಗೋಡಿಯ ಮೆಟ್ರೋ ನಿಲ್ದಾಣದಿಂದ ಶುರುವಾಗುತ್ತದೆ. ನೇರಳೆ ಮಾರ್ಗದ ಒಂದು ತುದಿಯಲ್ಲಿ ಹತ್ತಿದರೆ ಇನ್ನೊಂದು ತುದಿಯ ಹತ್ತಿರದ ಜ್ಞಾನಭಾರತಿಯಲ್ಲಿ ಇಳಿಯಬೇಕು. ಅಷ್ಟು ಹೊತ್ತು ಓದಲು ಸಿಗುತ್ತದೆ. ಅಮ್ಮನ ದಿನ ನನಗಿಂತ ಎರಡು ಗಂಟೆ ಮೊದಲು ಶುರುವಾಗುತ್ತದೆ. ನಸುಕಿನಲ್ಲೇ ಅಡುಗೆ ಮುಗಿಸಿ, ಡಬ್ಬಿ ಕಟ್ಟಿಕೊಂಡು, ಕಾಲೊನಿಯ ಇನ್ನೂ ನಾಲ್ಕು ಜನರ ಜೊತೆ ಬಸ್ಸು ಹತ್ತಿ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಿಗೆ ಹೋಗುತ್ತಾಳೆ. ನಾಲ್ಕು ಮನೆ. ಎರಡರಲ್ಲಿ ಪಾತ್ರೆ ಮತ್ತು ನೆಲ, ಒಂದರಲ್ಲಿ ಅಡುಗೆ, ಒಂದರಲ್ಲಿ ವಯಸ್ಸಾದ ಅಜ್ಜಿಯೊಬ್ಬರಿಗೆ ಸ್ನಾನ ಮಾಡಿಸುವುದು. ಹದಿನಾಲ್ಕು ವರ್ಷದಿಂದ ಇದೇ ಕೆಲಸ.

ಇಷ್ಟನ್ನು ಇಷ್ಟು ಸಲೀಸಾಗಿ ಬರೆಯಲು ನನಗೆ ಬಹಳ ಕಾಲ ಆಗುತ್ತಿರಲಿಲ್ಲ. ಪದವಿಯ ಅರ್ಜಿಯಲ್ಲಿ, ಎಂಎ ಅರ್ಜಿಯಲ್ಲಿ, ಕೊನೆಗೆ ಪಿಎಚ್‌ಡಿ ಫೆಲೋಶಿಪ್ಪಿನ ಅರ್ಜಿಯಲ್ಲೂ 'ತಾಯಿಯ ಉದ್ಯೋಗ' ಎಂಬ ಕಾಲಮ್ಮಿನಲ್ಲಿ ನಾನು ಬರೆದದ್ದು ಒಂದೇ ಪದ: ಗೃಹಿಣಿ. ಯಾರೂ ಹಾಗೆ ಬರೆ ಎಂದು ಹೇಳಿಕೊಟ್ಟಿರಲಿಲ್ಲ. ಪೆನ್ನು ತಾನಾಗಿ ಹಾಗೆ ಬರೆಯುತ್ತಿತ್ತು. ಮೇಲಿನ ಹಾಳೆಯಲ್ಲಿ ಸಂಶೋಧನೆಯ ಶೀರ್ಷಿಕೆ ಇರುತ್ತಿತ್ತು. ಅದರಲ್ಲಿ 'ಸಾರ್ವಜನಿಕ ಬದುಕು', 'ಮಹಿಳೆ', 'ದನಿ' ಎಂಬ ಪದಗಳಿದ್ದವು.

ಎರಡು ವರ್ಷದ ಹಿಂದೆ, ಅವರೆಕಾಯಿ ಕಾಲದಲ್ಲಿ, ಒಂದು ಸೆಮಿನಾರಿಗೆ ಪ್ರಬಂಧ ಸಿದ್ಧಮಾಡುತ್ತಿದ್ದೆ. ರಾತ್ರಿ ಊಟವಾದ ಮೇಲೆ ಅಮ್ಮ ನೆನೆಸಿದ ಅವರೆ ಹಿತುಕುತ್ತಾ ಕೂತಿದ್ದಳು. ನಾನು ಗೋಡೆಗೆ ಒರಗಿ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ವಿಷಯ ಶೆರ್ಲಿ ಚಿಸಮ್. ಅಮೆರಿಕದ ಸಂಸತ್ತಿಗೆ ಆರಿಸಿಬಂದ ಮೊದಲ ಕಪ್ಪು ಮಹಿಳೆ. 1968ರಲ್ಲಿ ಗೆದ್ದು 1969ರ ಜನವರಿಯಲ್ಲಿ ಪ್ರಮಾಣವಚನ ತೆಗೆದುಕೊಂಡವಳು. 1972ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನದ ಉಮೇದುವಾರಿಕೆಗೇ ನಿಂತು, ಸೋಲುತ್ತೇನೆಂದು ಗೊತ್ತಿದ್ದರೂ ಕೊನೆಯವರೆಗೆ ಕಣ ಬಿಡದೆ, ಮಯಾಮಿ ಸಮಾವೇಶದಲ್ಲಿ 152 ಪ್ರತಿನಿಧಿಗಳ ಮತ ಪಡೆದವಳು. ನನ್ನ ಪ್ರಬಂಧ ಅವಳ ಮಾತುಗಾರಿಕೆಯ ಬಗ್ಗೆ ಇತ್ತು. ಆತ್ಮಕಥೆಯಲ್ಲಿ 'ನಾನು' ಎಂಬ ಸರ್ವನಾಮ ಹೇಗೆ ಕೆಲಸ ಮಾಡುತ್ತದೆ, ಇತ್ಯಾದಿ.

ಅಮ್ಮ ಕೈ ನಿಲ್ಲಿಸದೆ ಕೇಳಿದಳು: "ಆಯಮ್ಮನ ಅಮ್ಮ ಏನು ಮಾಡ್ತಿದ್ಲು?"

ನಾನು ಪುಟ ಮಗುಚುತ್ತಾ, "ಬಾರ್ಬಡೋಸ್ ಅಂತ ಒಂದು ದ್ವೀಪ, ಅಲ್ಲಿಂದ ನ್ಯೂಯಾರ್ಕಿಗೆ ಬಂದೋರು. ಹೊಲಿಗೆ ಹಾಕ್ತಿದ್ರು. ಮನೆಗೆಲಸಕ್ಕೂ ಹೋಗ್ತಿದ್ರು" ಎಂದೆ.

"ಅದನ್ನ ಪುಸ್ತಕದಲ್ಲಿ ಬರ್ಕೊಂಡವ್ಳಾ?"

"ಹೂಂ. ಬರ್ಕೊಂಡವ್ಳೆ."

ಅಮ್ಮ ಮತ್ತೇನೂ ಹೇಳಲಿಲ್ಲ. ನನ್ನ ಅರ್ಜಿಗಳಲ್ಲಿ ನಾನೇನು ಬರೆದಿದ್ದೆ ಎಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಕೇಳಿಲ್ಲ. ಎಸ್‌ಎಸ್‌ಎಲ್‌ಸಿ ತನಕ ಓದಿದವಳು, ನನ್ನ ಕಾಗದಪತ್ರಗಳನ್ನೆಲ್ಲ ಟ್ರಂಕಿನಲ್ಲಿ ಜೋಡಿಸಿ ಇಡುವವಳು ಅವಳೇ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಪ್ರಶ್ನೆ ಬಂತು: "ಗೆದ್ದ ಮೇಲೆ ಮನೆಗೆಲಸದೋರಿಗೆ ಏನಾದ್ರೂ ಮಾಡಿದ್ಲಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಎರಡು ವರ್ಷದಿಂದ ಒಬ್ಬ ಹೆಂಗಸಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಅವಳ ವಾಕ್ಯಗಳ ಲಯ ಗೊತ್ತಿತ್ತು. ಅವಳು ಮಾಡಿದ ಕೆಲಸ ಗೊತ್ತಿರಲಿಲ್ಲ.

ಆಮೇಲೆ ಹುಡುಕಿದೆ. ಮಾಡಿದ್ದಳು. ಅಮೆರಿಕದಲ್ಲಿ ಕನಿಷ್ಠ ವೇತನದ ಕಾನೂನು ಬಂದದ್ದು 1938ರಲ್ಲಿ. ಆದರೆ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಅದರಿಂದ ಹೊರಗಿಟ್ಟಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಈ ಎರಡು ಕೆಲಸ ಮಾಡುತ್ತಿದ್ದವರಲ್ಲಿ ಬಹುಪಾಲು ಕಪ್ಪುಜನರೇ. ಕಾನೂನಿನಲ್ಲಿ ಎಲ್ಲೂ ಬಣ್ಣದ ಹೆಸರಿಲ್ಲ, ಕೆಲಸದ ಹೆಸರು ಮಾತ್ರ. ನಮ್ಮ ಕಡೆಯೂ ಜಾತಿಯ ಹೆಸರು ಹೇಳದೆ ಕೆಲಸದ ಹೆಸರು ಹೇಳಿ ಸಾಕುಮಾಡುವುದಿಲ್ಲವೇ, ಹಾಗೆ. ಮನೆಗೆಲಸದವರು ಆ ಕಾನೂನಿನ ಒಳಗೆ ಬಂದದ್ದು 1974ರಲ್ಲಿ. ಅದಕ್ಕಾಗಿ ಸಂಸತ್ತಿನಲ್ಲಿ ಹೋರಾಡಿದವರಲ್ಲಿ ಚಿಸಮ್ ಮುಂಚೂಣಿಯಲ್ಲಿದ್ದಳು.

ಇದರ ಹಿಂದೆ ಇನ್ನೊಂದು ಕಥೆಯಿದೆ. 1972ರ ಮೇ ತಿಂಗಳಲ್ಲಿ ಅಲಬಾಮಾದ ಗವರ್ನರ್ ಜಾರ್ಜ್ ವಾಲೇಸ್ ಮೇಲೆ ಗುಂಡು ಹಾರಿತು. ಕಪ್ಪು ವಿದ್ಯಾರ್ಥಿಗಳು ಬಿಳಿಯರ ವಿಶ್ವವಿದ್ಯಾಲಯಕ್ಕೆ ಬರಕೂಡದು ಎಂದು ಬಾಗಿಲಲ್ಲಿ ಅಡ್ಡ ನಿಂತ ಮನುಷ್ಯ ಅವನು. ಅದೇ ಚುನಾವಣೆಯಲ್ಲಿ ಚಿಸಮ್‌ಳ ಎದುರಾಳಿ. ಅವಳು ಆಸ್ಪತ್ರೆಗೆ ಹೋಗಿ ಅವನನ್ನು ನೋಡಿಬಂದಳು. ಸ್ವಂತದವರೇ ಸಿಟ್ಟಾದರು. ಎರಡು ವರ್ಷದ ಮೇಲೆ ಕನಿಷ್ಠ ವೇತನದ ಮಸೂದೆಗೆ ದಕ್ಷಿಣದ ಸಂಸದರ ಮತ ಬೇಕಾದಾಗ ಅದೇ ವಾಲೇಸ್ ನೆರವಾದ. ಈ ಘಟನೆಯನ್ನು ನಾನು ಮೊದಲೂ ಓದಿದ್ದೆ, 'ಕ್ಷಮೆ' ಎಂಬ ಉಪಶೀರ್ಷಿಕೆಯ ಕೆಳಗೆ ಹಾಕಿ ಮುಂದೆ ಹೋಗಿದ್ದೆ. ಅಮ್ಮನಿಗೆ ಹೇಳಿದಾಗ, "ಕ್ಷಮೆ ಏನಲ್ಲ. ಕೆಲಸ ಆಗ್ಬೇಕಿತ್ತು, ಹೋಗಿದ್ಲು. ನಿಮ್ಮಜ್ಜಿನೂ ಹಂಗೇ" ಎಂದಳು.

ಅಜ್ಜಿಯ ಕಥೆ ನನಗೆ ತುಂಡು ತುಂಡಾಗಿ ಗೊತ್ತಿತ್ತು. ಆ ರಾತ್ರಿ ಪೂರ್ತಿ ಕೇಳಿದೆ.

ಅಮ್ಮನ ತವರು ಮಾಲೂರಿನ ಕಡೆಯ ಒಂದು ಸಣ್ಣ ಊರು. ಅಲ್ಲಿ ಅಜ್ಜಿ 1993ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗೆ ಆರಿಸಿಬಂದಳು. ಕರ್ನಾಟಕದಲ್ಲಿ ಹೆಂಗಸರಿಗೆ ಸ್ಥಳೀಯ ಸಂಸ್ಥೆಗಳಲ್ಲಿ ಮೀಸಲಾತಿ ಅಷ್ಟರಲ್ಲಾಗಲೇ ಹೊಸದಲ್ಲ. ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ ಬಂದ 1983ರ ಕಾಯ್ದೆ ನೂರಕ್ಕೆ ಇಪ್ಪತ್ತೈದು ಸ್ಥಾನ ಕೊಟ್ಟಿತ್ತು, 1987ರಲ್ಲಿ ಆ ಪ್ರಕಾರ ಮಂಡಲ ಪಂಚಾಯಿತಿಗಳಿಗೆ ಚುನಾವಣೆಯೂ ಆಗಿತ್ತು. 1993ರ ಕಾಯ್ದೆ ಅದನ್ನು ಮೂರನೇ ಒಂದು ಪಾಲಿಗೆ ಏರಿಸಿತು, ಪರಿಶಿಷ್ಟ ಜಾತಿಯ ಹೆಂಗಸರಿಗೆ ಪ್ರತ್ಯೇಕ ಪಾಲು ಇಟ್ಟಿತು. ಅಜ್ಜಿಯ ಸ್ಥಾನ ಅದರಲ್ಲಿ ಒಂದು. ಅವಳನ್ನು ನಿಲ್ಲಿಸಿದವರು ಊರಿನ ದೊಡ್ಡವರು. ಓದು ಬರಹ ಇಲ್ಲದವಳು, ಹೇಳಿದ ಕಡೆ ಹೆಬ್ಬೆಟ್ಟು ಒತ್ತುತ್ತಾಳೆ ಎಂಬ ಲೆಕ್ಕ.

ಲೆಕ್ಕ ತಪ್ಪಿದ್ದು ಅಮ್ಮನಿಂದ. ಆಗ ಅವಳಿಗೆ ಹದಿನೈದು. ಸಭೆಯ ನೋಟೀಸು ಬಂದರೆ ಓದಿಹೇಳುವುದು, ಅಜ್ಜಿಯ ಜೊತೆ ಹೋಗಿ ಪಂಚಾಯಿತಿಯ ಜಗಲಿಯ ಮೇಲೆ ಕೂತಿರುವುದು ಅವಳ ಕೆಲಸ. ಮೊದಮೊದಲ ಸಭೆಗಳಲ್ಲಿ ಅಜ್ಜಿ ಕುರ್ಚಿಯ ಮೇಲೆ ಕೂರಲಿಲ್ಲ, ಬಾಗಿಲ ಪಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಯಾರೂ ಕೂರಬೇಡ ಎನ್ನಲಿಲ್ಲ, ಯಾರೂ ಕೂರು ಎನ್ನಲೂ ಇಲ್ಲ. ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ಅವಳ ಮುಂದೆ ಬರುತ್ತಿತ್ತು. ಹೆಬ್ಬೆಟ್ಟು ಒತ್ತುತ್ತಿದ್ದಳು. ಆ ಬೇಸಿಗೆಯಲ್ಲಿ ಅಮ್ಮ ಸ್ಲೇಟು ಹಿಡಿಸಿ ರುಜು ಕಲಿಸಿದಳು. ಮೂರು ಅಕ್ಷರದ ಹೆಸರು ಬರೆಯಲು ಎರಡು ತಿಂಗಳು.

ಒಂದು ಸಭೆಯಲ್ಲಿ ಕಾಲೊನಿಗೆ ಬೋರಿಂಗ್ ಕೊರೆಸುವುದು ಎಂದು ಮಾತಾಯಿತು. ಪುಸ್ತಕ ರುಜುವಿಗೆ ಬಂದಾಗ ಅಜ್ಜಿ, "ನನ್ನ ಮಗಳು ಒಂದು ಸಲ ಓದ್ಲಿ" ಎಂದಳು. ಅಮ್ಮ ಜಗಲಿಯಿಂದ ಎದ್ದು ಒಳಗೆ ಹೋಗಿ ಓದಿದಳು. ಬರೆದಿದ್ದ ಜಾಗ ಕಾಲೊನಿಯಲ್ಲ, ಊರೊಳಗಿನ ಬೇರೆ ಬೀದಿ. ಅಜ್ಜಿ ಪೆನ್ನು ಕೆಳಗಿಟ್ಟಳು. ಗಲಾಟೆ ಮಾಡಲಿಲ್ಲ, ಭಾಷಣವನ್ನಂತೂ ಮಾಡಲಿಲ್ಲ. "ಇದು ನಾವು ಮಾತಾಡಿದ್ದಲ್ಲ" ಎಂದು ಹೇಳಿ ರುಜು ಹಾಕದೆ ಎದ್ದು ಬಂದಳು.

ಅದಾದ ಮೇಲೆ ಏಳೆಂಟು ತಿಂಗಳು ಊರಿನ ಯಾವ ಹೊಲದಲ್ಲೂ ಅಜ್ಜಿಗೆ ಕೂಲಿ ಸಿಗಲಿಲ್ಲ. ನಿತ್ಯ ಪಕ್ಕದ ಊರಿಗೆ ನಡೆದು ಹೋಗುತ್ತಿದ್ದಳು. ಆ ಹೊತ್ತಿನಲ್ಲೇ, ಆ ಪುಸ್ತಕ ಬರೆಸಿದ ಮನುಷ್ಯನ ಮನೆಯಲ್ಲಿ ಸಾವಾದಾಗ, ಹೋಗಿ ಬಾಗಿಲ ಹೊರಗೆ ನಿಂತು ಮಾತಾಡಿಸಿ ಬಂದಳು. ಮುಂದಿನ ವರ್ಷ ಕಾಲೊನಿಗೆ ಬೋರಿಂಗ್ ಬಂತು. ಅಮ್ಮ "ನಿಮ್ಮಜ್ಜಿನೂ ಹಂಗೇ" ಎಂದದ್ದು ಇದಕ್ಕೆ. ಐದು ವರ್ಷ ಮುಗಿಯಿತು, ಮೀಸಲಾತಿ ಬದಲಾಯಿತು, ಅಜ್ಜಿ ಮತ್ತೆ ನಿಲ್ಲಲಿಲ್ಲ. ಅವಳು ತೀರಿಕೊಂಡು ಆರು ವರ್ಷವಾಯಿತು. ಬೋರಿಂಗಿನ ಹಿಡಿಯೂ ಈಗಿಲ್ಲ, ಆ ಕಡೆಯ ನೀರು ಯಾವತ್ತೋ ಪಾತಾಳಕ್ಕಿಳಿದಿದೆ.

ಹಾಗಾದರೆ ಉಳಿದದ್ದೇನು? 'ಮೊದಲ ಮಹಿಳೆ' ಎಂಬ ಮಾತನ್ನು ನಾವು ಬಹಳ ಸುಲಭವಾಗಿ ಬಳಸುತ್ತೇವೆ. ಮೊದಲನೆಯವಳು ಬಂದಳು ಎಂದರೆ ಎರಡನೆಯವಳು ತಾನಾಗಿ ಬರುತ್ತಾಳೆ ಎಂಬ ನಂಬಿಕೆ ಅದರೊಳಗಿದೆ. ಚಿಸಮ್ ಅಧ್ಯಕ್ಷ ಸ್ಥಾನಕ್ಕೆ ನಿಂತ 1972ರಲ್ಲೇ ನಮ್ಮ ವಿಧಾನಸಭೆಗೆ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ಸ್ಪೀಕರ್ ಆದರು, 1978ರವರೆಗೆ ಆ ಪೀಠದಲ್ಲಿದ್ದರು. ಆಗಿನ್ನೂ ರಾಜ್ಯದ ಹೆಸರು ಮೈಸೂರು. ಅವರ ನಂತರ ಆ ಪೀಠದಲ್ಲಿ ಇನ್ನೊಬ್ಬ ಹೆಂಗಸು ಕೂತಿಲ್ಲ. ಅರ್ಧ ಶತಮಾನ ಕಳೆದಿದೆ. ಮೊದಲನೆಯವಳು ಬಾಗಿಲು ತೆರೆಯುತ್ತಾಳೆ ನಿಜ, ಅದು ಹಿಂದಿನಿಂದ ಮುಚ್ಚಿಕೊಳ್ಳುವುದೂ ನಿಜ.

ಆದರೆ ಇನ್ನೊಂದು ಬಗೆಯ ಉಳಿಕೆ ಇದೆ, ಅದು ಭಾವಚಿತ್ರಗಳಲ್ಲಿ ಸಿಗುವುದಿಲ್ಲ. ಮೂಡಿಗೆರೆಯ ಮೋಟಮ್ಮ ದಲಿತ ಕುಟುಂಬದಿಂದ ಬಂದವರು, 1978ರಲ್ಲಿ ಮೊದಲ ಸಲ ವಿಧಾನಸಭೆಗೆ ಗೆದ್ದವರು. ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಸಚಿವೆಯಾಗಿದ್ದರು. ಅವರ ಕಾಲದಲ್ಲಿ, 2000ದಲ್ಲಿ, ಸ್ತ್ರೀಶಕ್ತಿ ಗುಂಪುಗಳು ಶುರುವಾದವು. ನಮ್ಮ ಟ್ರಂಕಿನಲ್ಲಿ ಅಮ್ಮನ ಸ್ತ್ರೀಶಕ್ತಿ ಸಂಘದ ಪಾಸ್‌ಪುಸ್ತಕ ಇದೆ. ವಾರಕ್ಕೆ ಹತ್ತು ರೂಪಾಯಿಯಿಂದ ಶುರುವಾದ ಉಳಿತಾಯ. ನನ್ನ ಡಿಗ್ರಿ ಮೊದಲ ವರ್ಷದ ಫೀಸು ಆ ಪುಸ್ತಕದ ಒಂದು ಸಾಲಿನಲ್ಲಿ ಸಾಲವಾಗಿ ದಾಖಲಾಗಿದೆ. ನಾನು ಮೋಟಮ್ಮನವರನ್ನು ನೋಡಿಲ್ಲ. ಅಮ್ಮನೂ ನೋಡಿಲ್ಲ. ಆದರೆ ಒಂದು ಸಹಿ ಎಲ್ಲಿಂದಲೋ ಹೊರಟು ನಮ್ಮ ಟ್ರಂಕಿನ ತನಕ ಬಂದಿದೆ. ಚಿಸಮ್‌ಳ 1974ರ ಮತವೂ ಹೀಗೆ ಯಾವುದೋ ಊರಿನ ಯಾವುದೋ ಹುಡುಗಿಯ ಫೀಸಿನ ತನಕ ಹೋಗಿರಬೇಕು.

ನನ್ನ ಅಧ್ಯಾಯವನ್ನು ಮೊದಲಿನಿಂದ ಬರೆದೆ. ಈ ಸಲ ಡೊರೊಥಿ ಬೋಲ್ಡನ್ ಅದರೊಳಗೆ ಬಂದಳು. ಅಟ್ಲಾಂಟಾದ ಮನೆಗೆಲಸದವಳು, ಒಂಬತ್ತನೇ ವಯಸ್ಸಿನಲ್ಲೇ ಕೆಲಸಕ್ಕೆ ಹೋದವಳು. ಬೆಳಗಿನ ಸಿಟಿ ಬಸ್ಸುಗಳಲ್ಲಿ ಹೆಂಗಸರನ್ನು ಮಾತಾಡಿಸಿ ಮಾತಾಡಿಸಿ 1968ರಲ್ಲಿ ಮನೆಗೆಲಸದವರ ಸಂಘ ಕಟ್ಟಿದಳು. ಸದಸ್ಯರಾಗಲು ಒಂದು ಡಾಲರು, ಜೊತೆಗೆ ಒಂದು ಷರತ್ತು: ಮತದಾರರ ಪಟ್ಟಿಯಲ್ಲಿ ಹೆಸರು ಹಚ್ಚಿಸಬೇಕು.

ಬಸ್ಸಿನ ಮಾತು ಅಮ್ಮನಿಗೆ ಹಿಡಿಸಿತು. "ನಮ್ ಬಸ್ಸಲ್ಲೂ ಐದು ಜನ ಇದೀವಿ" ಎಂದಳು. ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಕರ್ನಾಟಕ 2004ರಲ್ಲೇ ಸೇರಿಸಿದೆ ಎಂದು ನಾನು ಉತ್ಸಾಹದಿಂದ ಹೇಳಿದೆ, ಈಗಿನ ದರದ ಹಾಳೆಯನ್ನು ಪ್ರಿಂಟ್ ತೆಗೆಸಿ ಕೊಟ್ಟೆ. ಅಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ಚೀಲದಲ್ಲಿಟ್ಟಳು. ತಿಂಗಳುಗಟ್ಟಲೆ ಅದು ಅಲ್ಲೇ ಇತ್ತು. ಕೊನೆಗೆ ಐವರೂ ಬಸ್ಸಿನಲ್ಲೇ ತೀರ್ಮಾನ ಮಾಡಿದರು. ಸಂಬಳದ ಮಾತು ಆಮೇಲೆ, ಮೊದಲು ವಾರಕ್ಕೊಂದು ದಿನ ರಜೆ ಕೇಳುವುದು, ಎಲ್ಲರೂ ಒಂದೇ ದಿನ ಕೇಳುವುದು.

ಅಮ್ಮನ ನಾಲ್ಕು ಮನೆಗಳಲ್ಲಿ ಒಂದು ಮನೆ ತಕ್ಷಣ ಒಪ್ಪಿತು. ಎರಡು ಮನೆಯವರು ತಿಂಗಳಿಗೆ ಎರಡು ದಿನ ಎಂದರು. ನಾಲ್ಕನೆಯದು, ಅಡುಗೆಯ ಮನೆ, ಎಲ್ಲಕ್ಕಿಂತ ಹೆಚ್ಚು ಸಂಬಳ ಕೊಡುತ್ತಿದ್ದ ಮನೆ, ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡಿ ನಾಳೆಯಿಂದ ಬರಬೇಡಿ ಎಂದಿತು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಕಾನೂನಿನ ಇಸವಿ ಹೇಳಿದವಳು ನಾನು, ಮನೆ ಕಳೆದುಕೊಂಡವಳು ಅವಳು. ಫೆಲೋಶಿಪ್ಪಿನ ಹಣ ಆ ತಿಂಗಳು ಇನ್ನೂ ಬಂದಿರಲಿಲ್ಲ. "ನಾನು ಹೇಳಬಾರದಿತ್ತು" ಎಂದೆ. ಅಮ್ಮನಿಗೆ ಸಿಟ್ಟು ಬಂತು. "ನೀನು ಹೇಳಿದ್ದಕ್ಕೆ ಕೇಳಿದ್ನಾ? ಹದಿನಾಲ್ಕು ವರ್ಷದಿಂದ ಕಾಲು ನೋಯ್ತಿರೋದು ನಂಗೆ, ಅದಕ್ಕೆ ಕೇಳ್ದೆ. ನಿಮ್ಮಜ್ಜಿ ಪೆನ್ನು ಕೆಳಗಿಟ್ಟಾಗ ಓದ್ದೋಳು ನಾನು. ನಂದೇ ತಪ್ಪು ಅಂತ ನಾನೂ ಅತ್ತಿದ್ದೆ. ನಿಮ್ಮಜ್ಜಿ ಒಂದು ಬಿಟ್ಲು, ಸುಮ್ಮನಾದೆ."

ಎರಡು ತಿಂಗಳಾದ ಮೇಲೆ ಬೇರೆ ಮನೆ ಸಿಕ್ಕಿತು, ಸಂಬಳ ಸ್ವಲ್ಪ ಕಡಿಮೆ. ಭಾನುವಾರ ಮಾತ್ರ ಈಗ ಹೆಚ್ಚುಕಡಿಮೆ ಅವಳದೇ. ಹೆಚ್ಚಿನ ಸಲ ಮಲಗಿ ಕಳೆಯುತ್ತಾಳೆ.

ಕಳೆದ ತಿಂಗಳು ಫೆಲೋಶಿಪ್ ನವೀಕರಣದ ಅರ್ಜಿ ತುಂಬಬೇಕಿತ್ತು. ಅದೇ ಕಾಲಮ್ಮು. 'ಮನೆಗೆಲಸದ ಕಾರ್ಮಿಕೆ' ಎಂದು ಬರೆದು, ಅಮ್ಮನಿಗೆ ತೋರಿಸಿದೆ. ನಡಾವಳಿ ಪುಸ್ತಕ ಓದಿದವಳ ಹಾಗೆ ಮೇಲಿನಿಂದ ಕೆಳಗಿನ ತನಕ ಪೂರ್ತಿ ಓದಿದಳು.

"ಹಿಂಗ್ ಬರೆದ್ರೆ ದುಡ್ಡು ನಿಲ್ಲಿಸ್ತಾರಾ?"

"ಇಲ್ಲ."

"ಹಂಗಿದ್ರೆ ಸರಿ" ಎಂದು ಹಾಳೆಯನ್ನು ವಾಪಸು ಕೊಟ್ಟಳು. ಆಮೇಲೆ ಏನೋ ನೆನಪಾದವಳಂತೆ, "ನಾಲ್ಕು ಮನೆ ಅಂತಾನೂ ಸೇರಿಸು" ಎಂದಳು. ಕಾಲಮ್ಮಿನಲ್ಲಿ ಅಷ್ಟು ಜಾಗ ಇರಲಿಲ್ಲ.