ಗುರಿ ತಪ್ಪಿದ ಗುಂಡಿಗೂ ಒಂದು ಹೆಸರು

ನಮ್ಮ ರೈತರು ಮಳೆಯನ್ನು ಬರೀ ಮಳೆ ಎಂದು ಕರೆಯುವುದಿಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾರೆ. ಬದುಕು ಯಾವುದನ್ನು ನೆಚ್ಚಿಕೊಂಡಿದೆಯೋ ಅದಕ್ಕೆ ಹೆಸರುಗಳು ಹೆಚ್ಚು. ಈ ಲೆಕ್ಕದಲ್ಲಿ ದೂರದ ಗುರಿಗೆ ರೈಫಲ್ ಹಾರಿಸುವ ಕ್ರೀಡಾಪಟುಗಳ ಮಾತನ್ನು ಗಮನಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಗುರಿ ಮುಟ್ಟಿದ್ದಕ್ಕೆ ಅವರಲ್ಲಿ ಒಂದೆರಡು ಹೆಸರುಗಳಿವೆ. ತಪ್ಪಿದ್ದಕ್ಕೆ ಲೆಕ್ಕವಿಲ್ಲದಷ್ಟು!

ಬಂದೂಕಿನ ವ್ಯಾಮೋಹ ನನಗೆ ಎಂದೂ ಇರಲಿಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದೆ, ಪಾಯಿಂಟ್ ಟೂ-ಟೂ ರೈಫಲ್ಲಿನಿಂದ ಕೆಲವು ಗುಂಡು ಹಾರಿಸಿದ್ದೆ, ಅಷ್ಟೆ. ಆದರೆ ಭೌತಶಾಸ್ತ್ರ ಪಾಠ ಮಾಡುವವನಿಗೆ ಈ ಕ್ರೀಡೆ ಒಂದು ತೆರೆದ ಪ್ರಯೋಗಶಾಲೆ. ಸಾವಿರ ಗಜ ದೂರ ತಲುಪಲು ಗುಂಡಿಗೆ ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಗುರುತ್ವ ಅದನ್ನು ಎಷ್ಟು ಕೆಳಕ್ಕೆ ಎಳೆದಿರುತ್ತದೆ? ಪಠ್ಯಪುಸ್ತಕದ ಸೂತ್ರಕ್ಕೆ ಅಂಕಿ ಹಾಕಿ ನೋಡಿ, ಹತ್ತಿರ ಹತ್ತಿರ 11 ಮೀಟರು. ಮೂರು ಅಂತಸ್ತಿನ ಕಟ್ಟಡದಷ್ಟು. ಪಕ್ಕದಿಂದ ಗಂಟೆಗೆ ಹದಿನಾರು ಕಿಲೋಮೀಟರು ವೇಗದ ಗಾಳಿ ಬೀಸಿದರೆ ಗುಂಡು ಎರಡು ಮೀಟರಿಗೂ ಹೆಚ್ಚು ಸರಿಯಬಹುದು. ಇಷ್ಟನ್ನೆಲ್ಲ ಲೆಕ್ಕ ಹಾಕಿ ಹೊಡೆಯುವವರು ತಪ್ಪಿನ ವಿಷಯದಲ್ಲಿ ಪಂಡಿತರಾಗದೆ ಇನ್ನೇನು?

ಅವರ ಅಳತೆಗೋಲು ‘ಮಿನಿಟ್’. ಇದು ಗಡಿಯಾರದ್ದಲ್ಲ, ಕೋನದ್ದು. ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. ಇಡೀ ವೃತ್ತದಲ್ಲಿ ಇಂಥವು 21,600. ನೂರು ಗಜದಲ್ಲಿ ಒಂದು ಮಿನಿಟಿನ ಅಗಲ ಒಂದಂಗುಲಕ್ಕಿಂತ ಚೂರು ಹೆಚ್ಚು. ಸಾವಿರ ಗಜದಲ್ಲಿ ಹತ್ತೂವರೆ ಅಂಗುಲ. ಹತ್ತಿರದಲ್ಲಿ ಕೂದಲೆಳೆಯಷ್ಟು ವಾಲಿದ್ದು ದೂರ ಹೋದಂತೆ ಎಷ್ಟಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಂಗ್ಲೆಂಡಿನಲ್ಲಿ ಈ ಕ್ರೀಡೆಯ ಸಂಘ ಹುಟ್ಟಿದ್ದು 1859ರಲ್ಲಿ. ಮರುವರ್ಷ ವಿಂಬಲ್ಡನ್ ಬಯಲಿನಲ್ಲಿ ಮೊದಲ ಕೂಟ. ಮೊದಲ ಗುಂಡು ಹಾರಿಸಿದವರು ವಿಕ್ಟೋರಿಯಾ ರಾಣಿ. 400 ಗಜದಾಚೆಯ ಗುರಿಯ ನಡುಬಿಂದುವಿನಿಂದ ಒಂದೂಕಾಲು ಅಂಗುಲದಲ್ಲೇ ಅದು ನೆಟ್ಟಿತು. ಆದರೆ ರೈಫಲ್ಲನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಗುರಿ ಕೂಡಿಸಿಟ್ಟಿದ್ದವನು ಅದರ ತಯಾರಕ ವಿಟ್‌ವರ್ತ್. ರಾಣಿ ಎಳೆದದ್ದು ಒಂದು ರೇಷ್ಮೆ ದಾರ. ವಿಜ್ಞಾನ ಮೇಳಗಳಲ್ಲಿ ಅಪ್ಪಂದಿರು ಕಟ್ಟಿಕೊಟ್ಟ ಮಾದರಿಗೆ ಮಕ್ಕಳು ಸ್ವಿಚ್ ಒತ್ತುವುದನ್ನು ಕಂಡಾಗಲೆಲ್ಲ ನನಗೆ ಈ ದಾರ ನೆನಪಾಗುತ್ತದೆ.

1890ರಲ್ಲಿ ಈ ಕೂಟ ಬಿಸ್ಲಿ ಎಂಬಲ್ಲಿಗೆ ಹೋಯಿತು. ಇಂದಿಗೂ ಅಲ್ಲೇ ನಡೆಯುತ್ತದೆ. ಅಲ್ಲಿನ ಗುರಿಹಲಗೆಯ ನಡುವಿನ ಭಾಗ ‘ಬುಲ್’, ಐದು ಅಂಕ. ಅದರಾಚೆ ‘ಇನ್ನರ್’ಗೆ ನಾಲ್ಕು, ‘ಮ್ಯಾಗ್‌ಪೈ’ಗೆ ಮೂರು, ‘ಔಟರ್’ಗೆ ಎರಡು. ಮ್ಯಾಗ್‌ಪೈ ಎಂದರೆ ಕಾಗೆಯ ಬಳಗದ ಒಂದು ಕಪ್ಪು ಬಿಳುಪಿನ ಹಕ್ಕಿ. ಹಿಂದೆ ಆ ವಲಯಕ್ಕೆ ಗುಂಡು ಬಿದ್ದರೆ ಕಪ್ಪು ಬಿಳುಪಿನ ಗುರುತು ತೋರಿಸುತ್ತಿದ್ದರಂತೆ, ಅದಕ್ಕೇ ಈ ಹೆಸರು. ಅಮೆರಿಕದ ಸೈನಿಕರು ಇನ್ನೂ ತುಂಟರು. ಪೂರ್ತಿ ಗುರಿ ತಪ್ಪಿದಾಗ ಬೀಸುತ್ತಿದ್ದ ಕೆಂಪು ಬಾವುಟಕ್ಕೆ ಅವರಿಟ್ಟ ಹೆಸರು ‘ಮ್ಯಾಗಿಯ ಚಡ್ಡಿ’!

ಒಬ್ಬರ ಗುಂಡು ಪಕ್ಕದವರ ಹಲಗೆಗೆ ಬಿದ್ದರೆ ಅದು ‘ಕ್ರಾಸ್‌ಫೈರ್’. 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಹತ್ತಿರ ಕ್ರೀಡ್‌ಮೂರ್ ಎಂಬಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳು ಸೆಣಸಿದವು. ಐರಿಷ್ ತಂಡದ ಮಿಲ್ನರ್ ಎಂಬಾತ ಬುಲ್‌ಗೇ ಹೊಡೆದ, ಆದರೆ ತನ್ನದಲ್ಲದ ಹಲಗೆಯ ಬುಲ್‌ಗೆ. ಆಗ ಬುಲ್‌ಗೆ ನಾಲ್ಕು ಅಂಕ. ಅವನಿಗೆ ಸಿಕ್ಕಿದ್ದು ಸೊನ್ನೆ. ಪಂದ್ಯ ಮುಗಿದಾಗ ಅಮೆರಿಕ 934, ಐರ್ಲೆಂಡ್ 931. ಪ್ರಶ್ನೆಯನ್ನು ಸರಿಯಾಗಿ ಓದದೆ ಕೇಳದ ಪ್ರಶ್ನೆಗೆ ಅಂದವಾದ ಉತ್ತರ ಬರೆದು ಬರುವ ವಿದ್ಯಾರ್ಥಿಗಳಿಗೆ ನಾನು ಈ ಕಥೆಯನ್ನು ತಪ್ಪದೆ ಹೇಳುತ್ತೇನೆ.

ಗಾಳಿಯನ್ನು ಓದಲು ಇವರು ದುರ್ಬೀನಿನಲ್ಲಿ ನೆಲದ ಮೇಲಿನ ಬಿಸಿಗಾಳಿಯ ನಡುಕವನ್ನು ನೋಡುತ್ತಾರೆ. ಗಾಳಿ ಅಡ್ಡ ಬೀಸಿದರೆ ಆ ಅಲೆಗಳು ಅದರೊಡನೆ ‘ಓಡುತ್ತವೆ’. ಗಾಳಿ ನಿಂತರೆ ನೇರ ಮೇಲಕ್ಕೆದ್ದು ‘ಕುದಿಯುತ್ತವೆ’. ಇಂಗ್ಲಿಷಿನವರು ಇದಕ್ಕೆ ಮಿರಾಜ್ ಎನ್ನುತ್ತಾರೆ. ಅದು ಓಡುತ್ತದೆ ಎಂದು ಮೊದಲೇ ಕಂಡುಕೊಂಡವರಂತೆ ನಮ್ಮ ಹಿರಿಯರು ಬಿಸಿಲ್ಗುದುರೆ ಎಂದರು!

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಪದಕೋಶದಲ್ಲಿ ಅತ್ಯಂತ ಬೆಲೆಯುಳ್ಳ ಪದಗಳು ಎರಡು: ‘ಗ್ರೂಪ್’ ಮತ್ತು ‘ಝೀರೋ’. ಒಂದೇ ರೀತಿ ಗುರಿ ಹಿಡಿದು ಹೊಡೆದ ಹಲವು ಗುಂಡುಗಳ ತೂತುಗಳು ಎಷ್ಟು ಒತ್ತಾಗಿವೆ ಎಂಬುದು ಗ್ರೂಪ್. ಗುರಿ ಹಿಡಿದ ಜಾಗಕ್ಕೇ ಗುಂಡು ಬೀಳುವಂತೆ ರೈಫಲ್ಲಿನ ದೃಷ್ಟಿಸಾಧನವನ್ನು ತಿದ್ದಿ ಕೂಡಿಸುವುದು ಝೀರೋ. ನಮ್ಮ ಎನ್‌ಸಿಸಿ ಹವಾಲ್ದಾರರು ಒಮ್ಮೆ ಇಬ್ಬರು ಹುಡುಗರ ಕಾಗದಗಳನ್ನು ಎತ್ತಿ ಹಿಡಿದರು. ಒಂದರಲ್ಲಿ ಐದು ತೂತುಗಳು ಕಾಗದದ ತುಂಬ ಚೆಲ್ಲಿದ್ದವು, ಅವುಗಳಲ್ಲಿ ಒಂದು ನಟ್ಟನಡುವೆ. ಇನ್ನೊಂದರಲ್ಲಿ ಐದೂ ಎಡಮೂಲೆಯಲ್ಲಿ, ಎಂಟಾಣೆ ನಾಣ್ಯದಲ್ಲಿ ಮುಚ್ಚಬಹುದಾದಷ್ಟು ಒತ್ತಾಗಿ. ನಾವು ಮೊದಲನೆಯವನಿಗೆ ಚಪ್ಪಾಳೆ ತಟ್ಟಿದೆವು. ಹವಾಲ್ದಾರರು ಎರಡನೆಯವನ ಬೆನ್ನು ತಟ್ಟಿದರು. “ಇವನ ಕೈ ಸರಿಯಿದೆ, ಬಂದೂಕು ತಿದ್ದಬೇಕು. ತಿರುಪು ತಿರುಗಿಸಿದರೆ ಆಯಿತು. ಅವನ ಕೈಯನ್ನೇ ತಿದ್ದಬೇಕು, ಅದಕ್ಕೆ ತಿಂಗಳುಗಳು ಬೇಕು” ಎಂದರು. ನಂತರ ಬಿ.ಎಡ್.ನಲ್ಲಿ ಮೌಲ್ಯಮಾಪನದ ಬಗ್ಗೆ ಓದಿದ್ದೆಲ್ಲ ಈ ಮೂರು ವಾಕ್ಯಗಳಲ್ಲಿ ಅಡಗಿತ್ತು.

ಕೆಲವು ವರ್ಷಗಳ ಹಿಂದೆ ಹತ್ತನೇ ತರಗತಿಯ ಹುಡುಗನೊಬ್ಬನ ತಂದೆ ಶಾಲೆಗೆ ಬಂದರು. ಕಿರಾಣಿ ಅಂಗಡಿಯವರು. “ಮೇಷ್ಟ್ರೇ, ಇವನಿಗೆ ವಿಜ್ಞಾನ ತಲೆಗೆ ಹತ್ತೋದಿಲ್ಲ. ಹೇಗೋ ಪಾಸಾದರೆ ಸಾಕು, ಮುಂದೆ ಅಂಗಡೀಲಿ ಕೂರಿಸ್ತೀನಿ” ಎಂದರು. ಹುಡುಗ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದ. ನಾನು ಅವನ ಐದು ಕಿರುಪರೀಕ್ಷೆಗಳ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ಸೂತ್ರ ಸರಿ, ಹೆಜ್ಜೆಗಳು ಸರಿ, ಗುಣಾಕಾರ ಸರಿ. ಉತ್ತರ ಮಾತ್ರ ಪ್ರತಿ ಸಲವೂ ತಪ್ಪು. ಒಂದು ಕಡೆ ಸೆಂಟಿಮೀಟರನ್ನು ಮೀಟರು ಮಾಡಿಲ್ಲ, ಇನ್ನೊಂದು ಕಡೆ ಗ್ರಾಮನ್ನು ಕಿಲೋಗ್ರಾಮು ಮಾಡಿಲ್ಲ, ಮತ್ತೊಂದು ಕಡೆ ನಿಮಿಷವನ್ನು ಸೆಕೆಂಡು ಮಾಡಿಲ್ಲ. ಐದು ತೂತು, ಒಂದೇ ಮೂಲೆ.

“ನಿಮ್ಮ ತಕ್ಕಡಿಯ ಒಂದು ತಟ್ಟೆ ವಾಲಿಕೊಂಡಿದ್ದರೆ ಏನು ಮಾಡ್ತೀರಿ?” ಎಂದು ಕೇಳಿದೆ. “ಹಗುರಾಗಿರೋ ಕಡೆಗೆ ಒಂದು ಚೂರು ಕಲ್ಲು ಕಟ್ಟಿ ಸಮ ಮಾಡ್ತೀವಿ.” “ತಕ್ಕಡಿ ಬಿಸಾಕೋದಿಲ್ಲ ತಾನೆ?” ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಮಗನ ಕಡೆ ತಿರುಗಿ, “ಬಾರೋ, ಬಂದು ಮೇಷ್ಟ್ರ ಹತ್ರ ಸರಿಯಾಗಿ ಕೇಳಿಸ್ಕೋ” ಎಂದರು. ಲೆಕ್ಕ ಶುರು ಮಾಡುವ ಮೊದಲು ಏಕಮಾನಗಳನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯುವ ಅಭ್ಯಾಸ ಆ ಹುಡುಗನಿಗೆ ಕೂಡಿಬರಲು ಮೂರು ವಾರ ಹಿಡಿಯಿತು. ಅವನು ಪಿಯುಸಿಯಲ್ಲಿ ವಿಜ್ಞಾನವನ್ನೇ ತೆಗೆದುಕೊಂಡ. ರಜೆಯಲ್ಲಿ ಅಂಗಡಿಯಲ್ಲೂ ಕೂತ.

ಪಾಲಕರಿಗೆ ಉಪಯೋಗವಾಗುವ ಪದಗಳು ಇನ್ನೆರಡಿವೆ. ಒತ್ತಾದ ಗುಂಪಿನಿಂದ ಒಂಟಿಯಾಗಿ ಹಾರಿಹೋದ ಗುಂಡು ‘ಫ್ಲೈಯರ್’. ಅದರ ಅಂಕ ನಷ್ಟವೇ, ಅಳಿಸಲಾಗದು. ಆದರೆ ಅದೊಂದನ್ನು ನಂಬಿ ಯಾವ ಅನುಭವಿಯೂ ದೃಷ್ಟಿಸಾಧನವನ್ನು ತಿರುಗಿಸುವುದಿಲ್ಲ. ಪ್ರತಿ ಗುಂಡು ಬಿದ್ದ ಕಡೆಗೆಲ್ಲ ತಿರುಪು ತಿರುಗಿಸುತ್ತ ಹೋಗುವುದನ್ನು ‘ಗುರುತಿನ ಬೆನ್ನು ಹತ್ತುವುದು’ ಎಂದು ಅವರು ಹಾಸ್ಯ ಮಾಡುತ್ತಾರೆ. ಒಂದೊಂದು ಟೆಸ್ಟಿಗೂ ಟ್ಯೂಷನ್ ಬದಲಿಸುವ ಮನೆಗಳು ನಿಮಗೂ ಗೊತ್ತಿರಬಹುದು.

ವಿದ್ಯಾರ್ಥಿಗಳಿಗೆ ನಾನು ಕೊಡುವ ಪದ ‘ಕಾಲ್’. ಗುಂಡು ಹಾರಿಸಿದ ಕೂಡಲೇ, ಫಲಿತಾಂಶ ಕಾಣುವ ಮೊದಲೇ, ಅದು ಎಲ್ಲಿ ಬಿದ್ದಿರಬಹುದೆಂದು ಆಟಗಾರ ಹೇಳಿಬಿಡಬೇಕು: “ನಾಲ್ಕು ಗಂಟೆಯ ದಿಕ್ಕಿಗೆ, ಇನ್ನರ್” ಎಂದು, ಗಡಿಯಾರದ ಮುಖದ ಲೆಕ್ಕದಲ್ಲಿ. ಹೇಳಿದ ಕಡೆಯೇ ಬಿದ್ದಿದ್ದರೆ ತಪ್ಪು ಕೈಯದು, ಅದು ಅವನಿಗೆ ಗೊತ್ತಿದೆ. ಬೇರೆ ಕಡೆ ಬಿದ್ದಿದ್ದರೆ ಗಾಳಿಯನ್ನೋ ರೈಫಲ್ಲನ್ನೋ ವಿಚಾರಿಸಬೇಕು. ನನ್ನ ತರಗತಿಯಲ್ಲಿ ಉತ್ತರಪತ್ರಿಕೆ ಒಪ್ಪಿಸುವ ಮೊದಲು ಕೊನೆಯ ಪುಟದಲ್ಲಿ ಪ್ರತಿಯೊಬ್ಬರೂ ತಮಗೆ ಎಷ್ಟು ಅಂಕ ಬರಬಹುದು, ಯಾವ ಪ್ರಶ್ನೆಯಲ್ಲಿ ಅನುಮಾನವಿದೆ ಎಂದು ಬರೆಯಬೇಕು. ನಾಲ್ವತ್ತು ಎಂದು ಬರೆದು ನಾಲ್ವತ್ತೇ ತೆಗೆದವನ ಬಗ್ಗೆ ನನಗೆ ಚಿಂತೆಯಿಲ್ಲ. ಎಲ್ಲಿ ಓದಬೇಕೆಂದು ಅವನಿಗೆ ಗೊತ್ತು. ಎಪ್ಪತ್ತು ಎಂದು ಬರೆದು ನಾಲ್ವತ್ತು ತೆಗೆದವಳ ಜೊತೆ ಕೂತು ಮಾತಾಡುತ್ತೇನೆ. ನಾಲ್ವತ್ತು ಎಂದು ಬರೆದು ಎಪ್ಪತ್ತು ತೆಗೆದವಳ ಜೊತೆ ಇನ್ನೂ ಹೆಚ್ಚು ಹೊತ್ತು. ಅವಳ ಆತ್ಮವಿಶ್ವಾಸವನ್ನು ಯಾರೋ ಮೂಲೆಗೆ ತಳ್ಳಿರುತ್ತಾರೆ.

ಬಿಸ್ಲಿಯವರ ಇನ್ನೊಂದು ಪದ ನನಗೆ ತುಂಬ ಇಷ್ಟ. ಹತ್ತಕ್ಕೆ ಹತ್ತೂ ಗುಂಡು ಬುಲ್‌ಗೆ ಬಿದ್ದು ಐವತ್ತಕ್ಕೆ ಐವತ್ತು ಬಂದರೆ ಅದನ್ನವರು ಅಮೋಘ ಎನ್ನುವುದಿಲ್ಲ, ಪರಿಪೂರ್ಣ ಎನ್ನುವುದೂ ಇಲ್ಲ. ‘ಪಾಸಿಬಲ್’ ಎನ್ನುತ್ತಾರೆ. ಸಾಧ್ಯ, ಅಷ್ಟೆ.