ಒಳಗುತ್ತಿಗೆಯವರನ್ನು ಬಿಟ್ಟ ಮೇಲೆ

ಮುಳಬಾಗಿಲು ತಾಲ್ಲೂಕಿನ ನಮ್ಮ ದೇವರಾಯಸಮುದ್ರಕ್ಕೆ ಹೆಸರಿನಲ್ಲಿ ಸಮುದ್ರವೇನೋ ಇದೆ. ಹಿಂದಿನವರು ದೊಡ್ಡ ಕೆರೆಯನ್ನೇ ಸಮುದ್ರವೆನ್ನುತ್ತಿದ್ದರಷ್ಟೆ. ಈಗ ಈ ಸೀಮೆಯಲ್ಲಿ 1,000 ಅಡಿ ದಾಟಿದ ಕೊಳವೆಬಾವಿಗಳೂ ಅಪೂರ್ವವಲ್ಲ. ಅವುಗಳ ಮೋಟಾರು ಸುಟ್ಟಾಗ ಹೊಸ ತಂತಿ ಸುತ್ತಿಕೊಡುವುದು ನಮ್ಮ ಮನೆಯ ಕಸಬು.

ಮೋಟಾರನ್ನು ಮೇಲೆತ್ತುವುದು ಬೇರೆಯೇ ವಿದ್ಯೆ. 20 ಅಡಿಯ ಕಬ್ಬಿಣದ ಕೊಳವೆಗಳನ್ನು ಒಂದೊಂದಾಗಿ ಬಿಚ್ಚುತ್ತ ಎತ್ತಬೇಕು. ಹಿಡಿತ ಜಾರಿತೆಂದರೆ ಮೋಟಾರು, ಕೇಬಲು ಸಮೇತ ಎಲ್ಲವೂ ಪಾತಾಳದ ಪಾಲು. ಈ ಕೆಲಸವನ್ನು ಒಬ್ಬರಿಗೆ ಒಳಗುತ್ತಿಗೆ ಕೊಟ್ಟಿದ್ದೆವು. ನಮ್ಮ ಪರವಾಗಿ ರೈತರಿಂದ ಮುಂಗಡ ಪಡೆಯುವ ಅಧಿಕಾರವನ್ನೂ ಕೊಟ್ಟಿದ್ದೆವು. ಹೇಳಿದ ದಿನಕ್ಕೆ ಬಾರದಿರುವುದು ಅವರಿಗೆ ಅಭ್ಯಾಸವಾಗಲು, ಲೆಕ್ಕ ತೀರಿಸಿ ಕಳುಹಿಸಿಬಿಟ್ಟೆವು. ಮನೆಯ ಜಗಳ ಬೀದಿಗೇಕೆಂದು ಗಿರಾಕಿಗಳಿಗೆ ಮಾತ್ರ ಒಂದು ಮಾತೂ ತಿಳಿಸಲಿಲ್ಲ.

ಹತ್ತು ದಿನವಾಗಿರಬಹುದು. ಟೊಮೇಟೊ ಬೆಳೆದ ವೃದ್ಧರೊಬ್ಬರು ಅಂಗಡಿಗೆ ಬಂದರು. "ಮುಂಗಡ ಕೊಟ್ಟು ನಾಲ್ಕು ದಿನವಾಯಿತು, ಹೂವೆಲ್ಲ ಉದುರುತ್ತಿದೆ, ಎಂದು ಬರುತ್ತೀರಿ?" ಎಂದರು. ಹಣ ಆ ಮನುಷ್ಯರ ಕೈಸೇರಿತ್ತು. "ಅವರು ಈಗ ನಮ್ಮವರಲ್ಲ" ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದು ನಿಂತಿತು. ಆದರೆ ಅದನ್ನು ಆ ವೃದ್ಧರು ತಿಳಿಯುವುದಾದರೂ ಹೇಗೆ? 1872ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟಿನ 208ನೆಯ ಸೆಕ್ಷನ್ನೂ ಇದನ್ನೇ ಹೇಳುತ್ತದೆ: ಪ್ರತಿನಿಧಿಯ ಅಧಿಕಾರ ರದ್ದಾದುದು ಹೊರಗಿನವರ ಮಟ್ಟಿಗೆ ಅವರಿಗೆ ತಿಳಿದ ಮೇಲೆಯೇ ಊರ್ಜಿತವಾಗತಕ್ಕದ್ದು. ಅಂದೇ ಸಂಜೆ ಮುಳಬಾಗಿಲಿನಿಂದ ಬೇರೆ ಆಳುಗಳನ್ನು ಕರೆಸಿ, ನಮ್ಮ ಖರ್ಚಿನಲ್ಲಿಯೇ ಮೋಟಾರನ್ನೆತ್ತಿಸಿದೆವು.

ರಾತ್ರಿ ಗಿರಾಕಿಗಳಿಗೆಲ್ಲ ಕಾಗದ ಬರೆಯಲು ಕುಳಿತೆವು. ಒಂದು ಪುಟ ತುಂಬ ಅವರ ದೋಷಗಳೇ! ಓದಿಸಿ ಕೇಳಿದ ನಮ್ಮ ತಾಯಿಯವರು, "ಇದರಲ್ಲಿ ರೈತನ ಮೋಟಾರು ಎಂದು ಮೇಲೆ ಬರುತ್ತದೆಂಬುದು ಎಲ್ಲಿದೆ?" ಎಂದರು. ಎಲ್ಲಿಯೂ ಇರಲಿಲ್ಲ. ಹರಿದುಹಾಕಿ ನಾಲ್ಕೇ ಸಾಲು ಬರೆದೆವು. ಇಂಥ ತಾರೀಖಿನಿಂದ ಅವರು ನಮ್ಮ ಪರವಾಗಿ ಕೆಲಸ ಮಾಡುತ್ತಿಲ್ಲ. ಈವರೆಗೆ ಅವರಿಗೆ ಕೊಟ್ಟ ಮುಂಗಡ ನಮಗೇ ಕೊಟ್ಟಂತೆ. ಇನ್ನು ಮುಂದೆ ಹಣವನ್ನು ಅಂಗಡಿಯಲ್ಲಿಯೇ ಕೊಟ್ಟು ರಸೀತಿ ಪಡೆಯಬೇಕು. ನಿಂತ ಕೆಲಸ ಇಂಥ ದಿನ ನಡೆಯುತ್ತದೆ. ವಾಟ್ಸ್ಆಪಿನಲ್ಲಿ ಕಳುಹಿಸಿದುದಲ್ಲದೆ, ಅದನ್ನು ನೋಡದ ಹಿರಿಯರ ತೋಟಗಳಿಗೆ ನಾವೇ ಹೋಗಿ ಹೇಳಿ ಬಂದೆವು. ಕಾರಣ ಕೇಳಿದವರಿಗೆ "ಕೆಲಸ ಹೊಂದಲಿಲ್ಲ" ಎಂದಷ್ಟೇ ಹೇಳಿದೆವು. ಇನ್ನೂ ಮೂವರು ಮುಂಗಡದವರು ಹೊರಬಿದ್ದರು, ಅದನ್ನೂ ತುಂಬಿಕೊಟ್ಟೆವು. ಕೈ ಕಚ್ಚಿದುದು ನಿಜ.

ಕೆಲವು ಗಿರಾಕಿಗಳು ಅವರ ಹಿಂದೆಯೇ ಹೋದರು, ನೆಂಟರು, ಹೋಗತಕ್ಕವರೇ. ಕಳೆದ ತಿಂಗಳು ಅವರೇ ಒಂದು ಸುಟ್ಟ ಮೋಟಾರನ್ನು ಹೊತ್ತು ತಂದು ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತರು. ಎಲ್ಲರ ದರವನ್ನೇ ಹೇಳಿ, ಅವರ ಹೆಸರಿಗೆ ರಸೀತಿ ಬರೆದುಕೊಟ್ಟೆವು.