ರೋಹಿಣಿಗೆ ಮುಂಚೆ, ಮೂಡಲಿಗೆ

ದೊಡ್ಡಮ್ಮನಿಗೆ ಮೊದಲು ಕಂಡದ್ದು ನೆರಳು. ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಹರವಿ, ಕಾಗೆ ಓಡಿಸಲು ಕೋಲು ಹಿಡಿದು ಜಗಲಿಯಲ್ಲಿ ಕೂತಿದ್ದಳು. ನಾನು ಒಳಗೆ ಕ್ಯಾಮೆರಾದ ಲೆನ್ಸು ಒರೆಸುತ್ತಿದ್ದೆ. "ಮಾಣಿ, ಹೊರಗೆ ಬಾ. ಹಪ್ಪಳದ ಮೇಲೆ ಎಂತದೋ ನೆರಳು ಹೋಗ್ತಾ ಇದ್ದು" ಎಂದು ಕೂಗಿದಳು. ಬಂದು ನೋಡಿದರೆ ಹೌದು, ಬಿಳಿ ಹಪ್ಪಳಗಳ ಮೇಲೆ ಸಣ್ಣ ಸಣ್ಣ ಕಪ್ಪು ನೆರಳು, ಒಂದರ ಹಿಂದೆ ಒಂದು, ಎಲ್ಲವೂ ಒಂದೇ ಕಡೆಗೆ ಸರಿಯುತ್ತಿದ್ದವು. ತಲೆ ಎತ್ತಿದೆ.

ಅದು 2011ರ ಮೇ ತಿಂಗಳು. ಕೃತ್ತಿಕೆ ಮಳೆ ಮುಗಿಯುತ್ತ ಬಂದಿತ್ತು, ರೋಹಿಣಿ ಇನ್ನೂ ಹುಟ್ಟಿರಲಿಲ್ಲ. ಸಾಗರದ ಕಡೆಯ ನಮ್ಮೂರಿನಲ್ಲಿ ಆ ಹೊತ್ತಿಗೆ ಯಾರಿಗೂ ಕೈ ಬಿಡುವಿರುವುದಿಲ್ಲ. ಕಟ್ಟಿಗೆ ಒಟ್ಟಬೇಕು, ದರಕು ತಂದು ಕೊಟ್ಟಿಗೆ ಪಕ್ಕ ತುಂಬಬೇಕು, ಹಪ್ಪಳ ಸಂಡಿಗೆ ಒಣಗಿ ಡಬ್ಬಿ ಸೇರಬೇಕು. ಸಂಜೆಯಾದರೆ ಗುಡುಗು. ಆಕಾಶ ನೋಡುವುದು ಮಳೆಗಾಗಿ ಮಾತ್ರ. ಆ ದಿನ ಬೆಳಿಗ್ಗೆ ಆಕಾಶದಲ್ಲಿ, ಅಂದರೆ ನಮ್ಮ ಮಾಡಿನ ಎತ್ತರಕ್ಕೂ ಅಡಿಕೆ ತಲೆಗಳ ಎತ್ತರಕ್ಕೂ ನಡುವೆ, ಚಿಟ್ಟೆಗಳು ಹೋಗುತ್ತಿದ್ದವು.

ಅವು ಡಾರ್ಕ್ ಬ್ಲೂ ಟೈಗರ್ ಚಿಟ್ಟೆಗಳು. ಕಪ್ಪು ರೆಕ್ಕೆ, ಮೇಲೆ ತಿಳಿನೀಲಿ ಗೀರು, ಚುಕ್ಕೆ. ಇವುಗಳ ದಾಯಾದಿ ಬ್ಲೂ ಟೈಗರ್‌ಗೆ ನೀಲಿ ಅಗಲ, ಇವಕ್ಕೆ ಕಿರಿದು. ಹಾಗಾಗಿ ದೂರಕ್ಕೆ ಇವು ಹೆಚ್ಚು ಕಪ್ಪಾಗಿ ಕಾಣುತ್ತವೆ. ನಡುನಡುವೆ ಕಂದು ಬಣ್ಣದ ಕಾಮನ್ ಕ್ರೋ ಚಿಟ್ಟೆಗಳೂ ಇದ್ದವು. ನಮ್ಮಂಗಳದ ಕಣಗಿಲೆ ಗಿಡದಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಕೋಶ ನೇತುಹಾಕುವುದು ಆ ಕ್ರೋ ಚಿಟ್ಟೆಯೇ. ಇವೆರಡನ್ನೂ ನಾನು ವರ್ಷಗಟ್ಟಲೆ ನೋಡಿದ್ದೆ, ಫೋಟೋ ತೆಗೆದಿದ್ದೆ. ಆದರೆ ಹೂವಿನ ಮೇಲೆ ಕೂತದ್ದನ್ನು, ಹಳ್ಳದ ಬದಿಯಲ್ಲಿ ತೇಲಾಡುವುದನ್ನು. ಹೀಗೆ ಕೆಲಸದ ಮೇಲೆ ಹೊರಟವರಂತೆ ನೇರ ಹೋಗುವುದನ್ನು ಕಂಡಿರಲಿಲ್ಲ. ಅಂಗಳದ ತುಂಬ ದಾಸವಾಳ, ರತ್ನಗಂಧಿ ಅರಳಿದ್ದವು. ಒಂದೂ ಇಳಿಯಲಿಲ್ಲ. ಮನೆ ಅಡ್ಡ ಬಂದರೆ ಸುತ್ತಿಕೊಂಡು ಹೋಗದೆ ಗೋಡೆಗುಂಟ ಮೇಲೇರಿ, ಹಂಚು ದಾಟಿ, ಹಿತ್ತಿಲ ಕಡೆಗೆ ಇಳಿದು ಮತ್ತೆ ಅದೇ ದಾರಿ ಹಿಡಿಯುತ್ತಿದ್ದವು. ದಾರಿ ಎಂದರೆ ಮೂಡಲು.

ದೊಡ್ಡಪ್ಪ ತೋಟದಿಂದ ಬಂದ. ಏನೂ ಆಶ್ಚರ್ಯ ತೋರಿಸಲಿಲ್ಲ. ಹೆಗಲ ಮೇಲಿನ ಪಂಚೆಯಲ್ಲಿ ಮುಖ ಒರೆಸಿಕೊಂಡು, "ಓ, ಹೊರಟ್ವಾ" ಎಂದಷ್ಟೇ ಹೇಳಿ ಅಂಗಳದ ತುದಿಯ ಎರಡು ತೆಂಗಿನ ಮರಗಳ ನೇರಕ್ಕೆ ಹೋಗಿ ನಿಂತ. ಕಿಸೆಯಲ್ಲಿ ಗೋಟಡಿಕೆ ಇತ್ತು. ಎರಡು ಮರಗಳ ನಡುವೆ ಹತ್ತು ಚಿಟ್ಟೆ ದಾಟಿದರೆ ಒಂದು ಅಡಿಕೆಯನ್ನು ಎಡಗೈಯಿಂದ ಬಲಗೈಗೆ ಹಾಕುತ್ತಿದ್ದ. "ನೀ ಗಡಿಯಾರ ನೋಡು, ನಾ ಎಣಿಸ್ತೆ" ಎಂದ. ಗೊತ್ತಾದ ಅಗಲದ ಒಂದು ಕಿಂಡಿ, ಗೊತ್ತಾದ ಹೊತ್ತು, ದಾಟಿದವುಗಳ ಲೆಕ್ಕ: ವಲಸೆ ಅಳೆಯುವವರು ಮಾಡುವುದೂ ಇದನ್ನೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ದೊಡ್ಡಪ್ಪನಿಗೆ ಅದನ್ನು ಯಾರೂ ಕಲಿಸಿರಲಿಲ್ಲ.

ನಾನು ಫೋಟೋಕ್ಕೆ ಇಳಿದೆ. ಹಾರುವ ಚಿಟ್ಟೆಯ ಫೋಟೋ ತೆಗೆಯುವುದು ಕೂತದ್ದರ ಫೋಟೋದಂತಲ್ಲ. ಕೂತ ಚಿಟ್ಟೆಗೆ ತಾಳ್ಮೆ ಸಾಕು. ಬೆಳಗಿನ ಹೊತ್ತು, ಅದಿನ್ನೂ ಮೈ ಬಿಸಿ ಮಾಡಿಕೊಳ್ಳಲು ಬಿಸಿಲಿಗೆ ರೆಕ್ಕೆ ಬಿಚ್ಚಿ ಕೂತಿರುವಾಗ, ನಮ್ಮ ನೆರಳು ಅದರ ಮೇಲೆ ಬೀಳದಂತೆ ಬಗ್ಗಿ ಹತ್ತಿರ ಹೋಗಬೇಕು, ರೆಕ್ಕೆಗೆ ಸಮನಾಗಿ ಕ್ಯಾಮೆರಾ ಹಿಡಿಯಬೇಕು, ಕಣ್ಣಿಗೆ ಫೋಕಸ್ ಮಾಡಬೇಕು. ಹಾರುವುದಕ್ಕೆ ಇದ್ಯಾವುದೂ ನಡೆಯದು. ಶಟರ್ ವೇಗವನ್ನು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿಗೆ ಇಟ್ಟು, ಅವು ಮಾಡು ಹತ್ತಿ ದಾಟುವ ಜಾಗಕ್ಕೆ ಮೊದಲೇ ಫೋಕಸ್ ಕಟ್ಟಿ ಕಾದೆ. ಹಂಚಿನ ಅಂಚಿನಲ್ಲಿ ಅವು ಒಂದು ಕ್ಷಣ ನಿಧಾನವಾಗುತ್ತಿದ್ದವು. ಆ ಕ್ಷಣ ಸಿಕ್ಕಿತು.

ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗ ಬರಿಗಣ್ಣಿಗೆ ತಿಳಿಯದ ಒಂದು ಸಂಗತಿ ಕಂಡಿತು. ಈ ಜಾತಿಯ ಗಂಡಿಗೆ ಹಿಂದಿನ ರೆಕ್ಕೆಯ ಕೆಳಬದಿಯಲ್ಲಿ ಸಣ್ಣ ಉಬ್ಬು ಚೀಲವಿರುತ್ತದೆ, ಹೆಣ್ಣಿಗಿರುವುದಿಲ್ಲ. ಹೆಣ್ಣನ್ನು ಒಲಿಸುವ ಗಂಧದ ವ್ಯವಸ್ಥೆಗೆ ಸೇರಿದ ಅಂಗ ಅದು. ನನ್ನ ಚಿತ್ರಗಳಲ್ಲಿ ಚೀಲ ಇದ್ದವೂ ಇದ್ದವು, ಇಲ್ಲದವೂ ಇದ್ದವು. ಗಂಡು ಹೆಣ್ಣು ಎರಡೂ ಹೊರಟಿದ್ದವು. ಚಿತ್ರ ಚೆಂದ ಬಂದಿದೆಯೇ ಎಂದು ಮಾತ್ರ ನೋಡುತ್ತಿದ್ದ ನನಗೆ, ಚಿತ್ರದಿಂದ ಏನು ಓದಬಹುದು ಎಂಬ ಆಸೆ ಹತ್ತಿದ್ದು ಆ ಹಗಲು.

ಮಧ್ಯಾಹ್ನ ಊಟವಾಗುವಷ್ಟರಲ್ಲಿ ಪಡುವಣದಲ್ಲಿ ಮೋಡ ಕಪ್ಪಾಯಿತು. ಗಾಳಿ ಎದ್ದಿತು. ಚಿಟ್ಟೆಗಳ ಸಾಲು ಮುರಿಯಿತು. ಮೇಲೆ ಹಾರುತ್ತಿದ್ದವು ಒಮ್ಮೆಲೇ ತೋಟಕ್ಕೆ ಇಳಿಯತೊಡಗಿದವು. ದೊಡ್ಡಮ್ಮ ಹಪ್ಪಳದ ಚಾಪೆ ಸುತ್ತಿಕೊಂಡು ಒಳಗೋಡಿದಳು. ನಾನೂ ದೊಡ್ಡಪ್ಪನೂ ಕಂಬಳಿ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಇಳಿದೆವು. ಅಡಿಕೆ ಮರಗಳ ಒಣಗಿದ ಸೋಗೆ, ಕಾಳುಮೆಣಸಿನ ಬಳ್ಳಿ, ಕಾದಿಗೆಯ ಬದಿಯ ಸತ್ತ ಬಳ್ಳಿಗಳು, ಎಲ್ಲಿ ತೂಗು ಬೀಳಲು ಆಸರೆಯಿದೆಯೋ ಅಲ್ಲೆಲ್ಲ ಚಿಟ್ಟೆಗಳು ರೆಕ್ಕೆ ಮುಚ್ಚಿ ನೇತುಬಿದ್ದಿದ್ದವು. ಮುಚ್ಚಿದ ರೆಕ್ಕೆಯ ಹೊರಮೈ ಮಾಸಲು ಕಂದು. ಕತ್ತಲಿನಲ್ಲಿ ಒಣ ಎಲೆಯೆಂದೇ ತೋರುತ್ತಿತ್ತು, ಹತ್ತಿರ ಉಸಿರು ಬಿಟ್ಟರೆ ಅಷ್ಟೂ ಎಲೆ ಅಲುಗಿ ನೀಲಿ ಮಿಂಚುತ್ತಿತ್ತು. ಫ್ಲಾಷ್ ಹಾಕಬೇಡ ಎಂದ ದೊಡ್ಡಪ್ಪ. ನನಗೂ ಹಾಕಲು ಮನಸ್ಸಿರಲಿಲ್ಲ. ಕ್ಯಾಮೆರಾವನ್ನು ಮರಕ್ಕೆ ಒತ್ತಿ ಹಿಡಿದು ಇದ್ದ ಬೆಳಕಿನಲ್ಲೇ ತೆಗೆದೆ. ಆಮೇಲೆ ಮಳೆ ಬಂತು, ದಪ್ಪ ಹನಿಯ, ಮಣ್ಣು ಅಗೆಯುವಂಥ ಮಳೆ.

ರಾತ್ರಿ ಕರೆಂಟಿರಲಿಲ್ಲ. ಬಚ್ಚಲ ಒಲೆಯ ಮುಂದೆ ಚಳಿ ಕಾಯಿಸುತ್ತ ಕೂತಿದ್ದೆವು. ಒಲೆಗೆ ಅಡಿಕೆ ಸಿಪ್ಪೆ ಹಾಕುತ್ತಿದ್ದ ದೊಡ್ಡಪ್ಪ ಎದ್ದು ಹೋಗಿ ನಡುಮನೆಯಿಂದ ಪಟ್ಟಿ ತಂದ. ಅವನ ಮಳೆ ಪಟ್ಟಿ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಂಗಳದ ಮೂಲೆಯ ಮಳೆಮಾಪಕದಲ್ಲಿ ದಿನಾ ಬೆಳಿಗ್ಗೆ ಅಳೆದು, ನಕ್ಷತ್ರದ ಹೆಸರಿನ ಕೆಳಗೆ ಬರೆದಿಡುತ್ತಿದ್ದ. ಅಡಿಕೆಗೆ ಕೊಳೆ ಬರುವ ಹೊತ್ತು, ಬೋರ್ಡೋ ಔಷಧಿ ಹೊಡೆಯುವ ಹೊತ್ತು ಗೊತ್ತಾಗಲು ಅದು ಬೇಕು. ಗೊತ್ತಿರದಿದ್ದದ್ದು ಪಕ್ಕದ ಅಂಚಿನಲ್ಲಿದ್ದ ಬರವಣಿಗೆ. ಹಳೆಯ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಬೆಂಕಿಯ ಬೆಳಕಿಗೆ ಹಿಡಿದು ತೋರಿಸಿದ. ಕೃತ್ತಿಕೆ ಕೊನೆಯಲ್ಲಿ ಒಂದು ಕಡೆ "ಚಿಟ್ಟೆ ಹೋದವು". ಇನ್ನೊಂದು ವರ್ಷ ರೋಹಿಣಿ ಮೊದಲ ಪಾದದಲ್ಲಿ "ಚಿಟ್ಟೆ, ಮೂಡಲು, ಎರಡು ದಿನ". ಮತ್ತೊಂದು ಕಡೆ ಭರಣಿಯಲ್ಲೇ. ಕೆಲವು ವರ್ಷ ಏನೂ ಇಲ್ಲ. ಮುಂದೆ ತಿರುವಿದರೆ ಚಿತ್ತೆ, ಸ್ವಾತಿಯಲ್ಲಿ ಇನ್ನೊಂದು ಮಾತು: "ಚಿಟ್ಟೆ ಬಂದವು, ಕಮ್ಮಿ."

"ಬಂದವು ಅಂದ್ರೆ?"

"ವಾಪಸು. ಪಡುವಣಕ್ಕೆ. ಹೋಗುವಾಗಿನಷ್ಟು ಗುಂಪು ಕಾಣ್ತಿಲ್ಲೆ. ಚದುರಿ ಬತ್ತ."

ಯಾಕೆ ಬರೆದಿಟ್ಟೆ ಎಂದು ಕೇಳಿದೆ. ಮಳೆಗೆ ಸಂಬಂಧ ಇರಲೇಬೇಕಲ್ಲ, ಅದಕ್ಕೆ ಎಂದ. ಸಂಬಂಧ ಇದೆ. ಕೃಷ್ಣಮೇಘ ಕುಂಟೆ ಎಂಬ ಚಿಟ್ಟೆ ವಿಜ್ಞಾನಿ ದಕ್ಷಿಣ ಭಾರತದ ಈ ವಲಸೆಯ ಬಗ್ಗೆ 2005ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದರು. ನಾನು ಓದಿದ್ದು ಅದಾದ ಎಷ್ಟೋ ವರ್ಷದ ಮೇಲೆ. ಮುಂಗಾರು ಬಲಿಯುವ ಮುಂಚೆ ಪಶ್ಚಿಮ ಘಟ್ಟದ ಟೈಗರ್, ಕ್ರೋ ಚಿಟ್ಟೆಗಳು ಪೂರ್ವದ ಬಯಲಿಗೆ ಹೊರಡುತ್ತವೆ, ಹಿಂಗಾರಿನ ಹೊತ್ತಿಗೆ ಘಟ್ಟಕ್ಕೆ ಮರಳುತ್ತವೆ. ನಮ್ಮ ಹುಲಿಕಲ್ಲು, ಆಗುಂಬೆಯಂಥ ಜಾಗದಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಬಿಸಿಲಿಲ್ಲದೆ ಮೈ ಕಾಯದು, ಮೈ ಕಾಯದೆ ಹಾರಲಾಗದು, ಹಾರದೆ ಹೊಟ್ಟೆ ತುಂಬದು. ಅದೇ ಹೊತ್ತಿಗೆ ಬಯಲುಸೀಮೆಯಲ್ಲಿ ಹದವಾದ ಮಳೆಗೆ ಹಾಲು ಸುರಿಸುವ ಬಳ್ಳಿಗಳು ಚಿಗುರಿರುತ್ತವೆ. ಇವುಗಳ ಹುಳುಗಳಿಗೆ ಅದೇ ಆಹಾರ. ಅಲ್ಲಿ ಮೊಟ್ಟೆ, ಅಲ್ಲಿ ಹೊಸ ಪೀಳಿಗೆ. ಸ್ವಾತಿ ಮಳೆಯಲ್ಲಿ ನಮ್ಮ ಕಡೆಗೆ ಬರುವುದು ಆ ಪೀಳಿಗೆ, ಘಟ್ಟವನ್ನು ಎಂದೂ ನೋಡದ ಮಕ್ಕಳು. ಈ ಒಂದು ಸಂಗತಿ ತಿಳಿದಾಗ ನನಗಾದ ಬೆರಗು ಇನ್ನೂ ಇಳಿದಿಲ್ಲ.

ಮಾರನೆಯ ಬೆಳಿಗ್ಗೆ ತೋಟದಲ್ಲಿ ಬಿಸಿಲು ಬೀಳುವ ಮೊದಲೇ ಹೋಗಿ ಕೂತೆ. ಬಿಸಿಲು ಮರದ ತಲೆಯಿಂದ ಕಾಂಡಕ್ಕೆ ಇಳಿದ ಹಾಗೆ, ಎಲ್ಲಿಗೆ ಮುಟ್ಟಿತೋ ಅಲ್ಲಿಯ ಚಿಟ್ಟೆಗಳು ರೆಕ್ಕೆ ಬಿಚ್ಚಿದವು. ಮೇಲಿನವು ಮೊದಲು, ಕೆಳಗಿನವು ಕಡೆಗೆ. ಸ್ವಲ್ಪ ಹೊತ್ತು ತೋಟದೊಳಗೇ ಸುತ್ತಿದವು. ಒಂದು ಮೇಲೆದ್ದಿತು, ನಾಲ್ಕು ಎದ್ದವು, ಆಮೇಲೆ ತೋಟವೇ ಎದ್ದಿತು. ನಾನು ಆ ಚಿತ್ರ ತೆಗೆಯಲಿಲ್ಲ. ಎರಡೂ ಕಣ್ಣಿನಲ್ಲಿ ನೋಡಬೇಕೆನಿಸಿತು, ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ನೋಡಿದೆ.

ಅಲ್ಲಿಂದ ನಾನು ಚಿಟ್ಟೆ ಹುಡುಕಿಕೊಂಡು ಊರೂರು ತಿರುಗುವುದು ಕಡಿಮೆಯಾಯಿತು. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಿವೆ. ಅವನ್ನೆಲ್ಲ ಒಂದೊಂದಾಗಿ ಕ್ಯಾಮೆರಾಕ್ಕೆ ಹಿಡಿಯಬೇಕೆಂಬ ಹಟ ನನಗೂ ಇತ್ತು. ಈಗ ನಮ್ಮ ಮನೆ, ತೋಟ, ಹಳ್ಳ, ಸೊಪ್ಪಿನ ಬೆಟ್ಟ, ಇಷ್ಟರಲ್ಲೇ ವರ್ಷ ತಿರುಗುವುದನ್ನು ನೋಡತೊಡಗಿದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗದೆ ಕಾಣದ ಸಂಗತಿಗಳಿವೆ, ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಬಿದಿರುಮೆಳೆಯ ಬುಡದ ಕಾಮನ್ ಈವನಿಂಗ್ ಬ್ರೌನ್ ಚಿಟ್ಟೆಯನ್ನೇ ತೆಗೆದುಕೊಳ್ಳಿ. ಹುಲ್ಲು, ಭತ್ತದ ಗರಿ ತಿಂದು ಬೆಳೆಯುವ, ಮುಸ್ಸಂಜೆಗೆ ಹಾರುವ ಸಾಧಾರಣ ಚಿಟ್ಟೆ. ಪುನರ್ವಸು ಮಳೆಯಲ್ಲಿ ತೆಗೆದ ಚಿತ್ರದಲ್ಲಿ ಅದರ ರೆಕ್ಕೆಯ ಅಂಚಿಗೆ ಸಾಲು ಕಣ್ಣುಗಳು. ಹಕ್ಕಿ, ಹಲ್ಲಿ ಕುಕ್ಕಿದರೆ ಆ ಹುಸಿಗಣ್ಣಿಗೆ ಕುಕ್ಕಲಿ, ರೆಕ್ಕೆಯ ಚೂರು ಹೋದರೂ ಜೀವ ಉಳಿಯಲಿ ಎಂಬ ಏರ್ಪಾಡು. ಸಂಕ್ರಾಂತಿಯ ಹೊತ್ತಿಗೆ ಅದೇ ಬುಡದಲ್ಲಿ ಅದೇ ಜಾತಿ, ಕಣ್ಣು ಮಾಯ. ರೆಕ್ಕೆಯ ತುದಿ ಚೂಪಾಗಿ, ಮೈಯೆಲ್ಲ ಉದುರಿದ ಎಲೆ. ಒಂದು ಕೆಂಗಂದು, ಇನ್ನೊಂದು ಬೂದಿ, ಮತ್ತೊಂದಕ್ಕೆ ಎಲೆಯ ಮೇಲಿನ ಬೂಷ್ಟಿನಂಥ ಕಪ್ಪು ಮಚ್ಚೆ. ಎರಡು ಒಂದೇ ಥರ ಇರುವುದೇ ಅಪರೂಪ. ಹುಳುವಾಗಿದ್ದಾಗಿನ ಹವೆ, ಶಾಖವೇ ಯಾವ ಅಂಗಿ ತೊಡಬೇಕೆಂದು ತೀರ್ಮಾನಿಸುತ್ತದೆ. ಎಲೆ ಉದುರುವ ಕಾಲಕ್ಕೆ ಎಲೆಯಾಗಿಯೇ ಹುಟ್ಟುವುದು.

ಮಾಗಿಯಲ್ಲಿ, ಬ್ಯಾಣದ ಗಿಲಿಗಿಚ್ಚಿ ಗಿಡಗಳು ಒಣಗುವಾಗ, ಘಟ್ಟಕ್ಕೆ ಮರಳಿದ ಟೈಗರ್ ಚಿಟ್ಟೆಗಳು ಅವಕ್ಕೆ ಮುತ್ತುತ್ತವೆ. ಹೂವಿಗಲ್ಲ, ಒಣಗಿದ ದಂಟಿಗೆ, ಕಾಯಿಗೆ. ಕಾಲಿನಿಂದ ಕೆರೆದು ಒಸರಿದ್ದನ್ನು ಹೀರುತ್ತವೆ. ಹೆಚ್ಚಿನವು ಗಂಡು, ಗಿಡದ ಆ ಕಹಿ ಸಾರದಿಂದಲೇ ಅವು ಹೆಣ್ಣಿಗೆ ಬೇಕಾದ ಗಂಧ ತಯಾರಿಸಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಅವಕ್ಕೆ ಲೋಕದ ಪರಿವೆಯಿಲ್ಲ. ಮೊಣಕಾಲೂರಿ ಕೂತು ಬೇಕಾದಷ್ಟು ಹತ್ತಿರದಿಂದ ಫೋಟೋ ತೆಗೆಯಬಹುದು. ಶಿವರಾತ್ರಿ ಕಳೆದು ಹಳ್ಳ ಬತ್ತುತ್ತ ಬಂದಂತೆ ಒದ್ದೆ ಮರಳಿನ ಮೇಲೆ ಕಾಮನ್ ಜೇ, ಬ್ಲೂಬಾಟಲ್‌ಗಳ ಗುಂಪು, ಉಪ್ಪಿನಂಶ ಹೀರಲು. ಮಳೆಗಾಲದ ಬಿಡುವಿನಲ್ಲಿ ಬೇಲಿಯ ಈಶ್ವರಿ ಬಳ್ಳಿಗೆ ಮೊಟ್ಟೆಯಿಡಲು ಬರುವ ಸಹ್ಯಾದ್ರಿ ಬರ್ಡ್‌ವಿಂಗ್, ಈಗ ನಮ್ಮ ರಾಜ್ಯದ ಚಿಟ್ಟೆ. ಕೆಲಸದವರು ಬೇಲಿ ಸವರುವಾಗ ಆ ಬಳ್ಳಿ ಬಿಡಿ ಎಂದು ದೊಡ್ಡಪ್ಪ ನಿಂತು ಹೇಳುತ್ತಿದ್ದ.

ತೆಗೆದ ಚಿತ್ರಗಳನ್ನು ನಾನು ದಿನಾಂಕ, ಜಾಗ ಬರೆದೇ ಇಡುತ್ತೇನೆ. ಊರು ದಿನ ಗೊತ್ತಿಲ್ಲದ ಚಿತ್ರ ಎಷ್ಟೇ ಚೆಂದವಿದ್ದರೂ ಅರ್ಧ ಚಿತ್ರ. ದೊಡ್ಡಪ್ಪನ ಅಂಚಿನ ಟಿಪ್ಪಣಿಗಳನ್ನು ಬೇರೆ ಪುಸ್ತಕಕ್ಕೆ ಇಳಿಸಿ, ಎದುರಿಗೆ ನನ್ನ ಚಿತ್ರಗಳ ದಿನಾಂಕ ಸೇರಿಸುತ್ತಿದ್ದೇನೆ. ಅವನಿಗೆ ಈಗ ಕಣ್ಣು ಸರಿಯಾಗಿ ಕಾಣದು. ಮಳೆ ಅಳೆಯುವುದು ತಂಗಿಯ ಮಗಳ ಪಾಲಿಗೆ ಬಂದಿದೆ, ಅಡಿಕೆ ಹಿಡಿದು ಎಣಿಸುವುದನ್ನೂ ಅವಳು ಕಲಿತಿದ್ದಾಳೆ.

ತುಮಕೂರಿನಲ್ಲಿರುವ ಅತ್ತಿಗೆ ಹೋದ ವರ್ಷ ಮೇ ಕೊನೆಯಲ್ಲಿ ಫೋನು ಮಾಡಿ, ತಾರಸಿಯ ಮೇಲೆ ಬಟ್ಟೆ ಹರವುವಾಗ ಕಪ್ಪು ನೀಲಿ ಚಿಟ್ಟೆಗಳು ಹೋಗುತ್ತಿವೆ ಎಂದಳು. ಸ್ಪೀಕರ್‌ನಲ್ಲಿ ಹಾಕಿದ್ದೆ. ಮಂಚದ ಮೇಲಿಂದ ದೊಡ್ಡಪ್ಪ ಕೇಳಿದ್ದು ಎರಡು ಪ್ರಶ್ನೆ: ಯಾವ ದಿಕ್ಕಿಗೆ, ಮನೆಯನ್ನು ಸುತ್ತಿ ಹೋಗ್ತಾ ಇದ್ವಾ ಹತ್ತಿ ಹೋಗ್ತಾ ಇದ್ವಾ. ಹತ್ತಿಯೇ ಹೋಗುತ್ತಿವೆ ಎಂದಳು ಅತ್ತಿಗೆ, ಸೂರ್ಯ ಹುಟ್ಟುವ ಕಡೆಗೆ. ತಂಗಿಯ ಮಗಳು ಪಟ್ಟಿ ತೆರೆದು, ಆ ದಿನದ ಅಂಚಿನಲ್ಲಿ ತುಮಕೂರು ಎಂದೂ ಬರೆದುಕೊಂಡಳು.